ಕಾಯಕ: ದುಡಿಮೆ ಪೂಜೆಯಾದ ಬಗೆ

ದಿನನಿತ್ಯದ ಕೆಲಸವನ್ನೇ ದೇವರ ಪೂಜೆಯಾಗಿ ಮಾಡಬೇಕೆಂಬ ವಿಚಾರ ಭಾರತದಲ್ಲಿ ಬಹಳ ಹಳೆಯದು. ಭಗವದ್ಗೀತೆಯ 3ನೆಯ ಅಧ್ಯಾಯ ಫಲದ ಆಸೆಯಿಲ್ಲದೆ ಕರ್ಮ ಮಾಡಬೇಕೆನ್ನುತ್ತದೆ. 18ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಮನುಷ್ಯ ತನ್ನ ಪಾಲಿನ ಕೆಲಸದಿಂದಲೇ ದೇವರನ್ನು ಅರ್ಚಿಸಿ ಸಿದ್ಧಿ ಪಡೆಯುತ್ತಾನೆಂದು ತಿಳಿಸುತ್ತದೆ. ಮಹಾಭಾರತದ ವನಪರ್ವದ ಧರ್ಮವ್ಯಾಧನ ಕಥೆ ಇದಕ್ಕೆ ನಿದರ್ಶನ. ತಪೋಬಲದಿಂದ ಹಕ್ಕಿಯೊಂದನ್ನು ಸುಟ್ಟ ಕೌಶಿಕನೆಂಬ ಬ್ರಾಹ್ಮಣ, ಗೃಹಿಣಿಯೊಬ್ಬಳ ಮಾತಿನಂತೆ ಮಿಥಿಲೆಗೆ ಹೋಗಿ, ಮಾಂಸದ ಅಂಗಡಿಯಲ್ಲಿ ಕುಳಿತ ವ್ಯಾಧನಿಂದ ಧರ್ಮವನ್ನು ಕಲಿಯುತ್ತಾನೆ. ಆದರೆ ಈ ಬೋಧನೆಗಳಲ್ಲಿ ಕೆಲಸ ಹುಟ್ಟಿನಿಂದ ಬಂದ ವರ್ಣಕ್ಕೆ ಕಟ್ಟುಬಿದ್ದಿತ್ತು. ಆ ಕಟ್ಟನ್ನು ಬಿಚ್ಚಿ, ದುಡಿಮೆಯೇ ಪೂಜೆಯೆಂಬುದನ್ನು ಒಂದು ಸಮುದಾಯದ ಬದುಕಿನ ನಿಯಮವಾಗಿಸಿದವರು 12ನೆಯ ಶತಮಾನದ ಕನ್ನಡ ನಾಡಿನ ಶರಣರು. ಅವರು ಅದನ್ನು ಕಾಯಕ ಎಂದು ಕರೆದರು.

ಶರಣರಿಗಿಂತ ಮೊದಲು ಕಸುಬುದಾರರಿಗೂ ದೇವರಿಗೂ ನಂಟು ಇರಲಿಲ್ಲವೆಂದಲ್ಲ. ಆ ಕಾಲದ ಶಾಸನಗಳಲ್ಲಿ ಗಾಣಿಗರು ಗಾಣವೊಂದಕ್ಕೆ ಇಷ್ಟೆಂದು ನಂದಾದೀವಿಗೆಗೆ ಎಣ್ಣೆ ಬಿಟ್ಟಿದ್ದಾರೆ. ಎಲೆ ಅಡಕೆ ಮಾರುವವರು ಹೇರಿಗೆ ಇಷ್ಟೆಂದು ಕೊಟ್ಟಿದ್ದಾರೆ. ಐಹೊಳೆಯ ಐನೂರ್ವರಂಥ ವರ್ತಕ ಸಂಘಗಳೂ ದೇವಾಲಯಗಳಿಗೆ ದತ್ತಿ ಹಾಕಿಕೊಟ್ಟಿವೆ. ದುಡಿಮೆಯ ಫಲದ ಒಂದು ಪಾಲು ಗುಡಿಗೆ ಸಲ್ಲುತ್ತಿತ್ತು. ಪೂಜೆ ಮಾತ್ರ ಗರ್ಭಗುಡಿಯೊಳಗೆ ಅರ್ಚಕನ ಕೈಯಲ್ಲಿ ನಡೆಯುತ್ತಿತ್ತು. ಚರ್ಮ ಹದಮಾಡುವವರಿಗೆ, ಬಟ್ಟೆ ಒಗೆಯುವವರಿಗೆ ಅಲ್ಲಿಗೆ ಪ್ರವೇಶವೂ ಇರಲಿಲ್ಲ. ಶರಣರು ಇಷ್ಟಲಿಂಗವನ್ನು ಅಂಗೈಗೆ ತಂದು ಗುಡಿಯ ಅಗತ್ಯವನ್ನು ಕಳೆದರು. ಪೂಜೆ ಗುಡಿಯಿಂದ ಹೊರಬಂದಾಗ ಅದು ನೆಲೆಗೊಂಡದ್ದು ಕೆಲಸದ ಜಾಗದಲ್ಲಿ.

ಈ ಚಳವಳಿಯ ಕೇಂದ್ರ ಕಲ್ಯಾಣ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕಲ್ಯಾಣಿ ಚಾಲುಕ್ಯರ ಅಧಿಕಾರ ಕುಸಿದು ಕಳಚುರಿ ಬಿಜ್ಜಳ ಅಲ್ಲಿ ಆಳುತ್ತಿದ್ದ. ಅವನ ಬಳಿ ಭಂಡಾರಿಯಾಗಿದ್ದ ಬಸವಣ್ಣನ ಮಹಾಮನೆಗೆ ನಾನಾ ಕಸುಬಿನವರು ಬಂದು ಸೇರಿದರು. ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಿದಿರು ಸೀಳಿ ಬುಟ್ಟಿ ಹೆಣೆಯುವ ಮೇದರ ಕೇತಯ್ಯ, ಚರ್ಮ ಹದಮಾಡುವ ಡೋಹರ ಕಕ್ಕಯ್ಯ, ದನ ಕಾಯುವ ತುರುಗಾಹಿ ರಾಮಣ್ಣ, ನೂಲು ತೆಗೆಯುವ ಕದಿರ ರೆಮ್ಮವ್ವೆ ಮೊದಲಾದವರ ಹೆಸರಿನ ಜೊತೆ ಕಸುಬು ಸೇರಿಕೊಂಡೇ ಉಳಿದಿದೆ. ಅದು ನಾಚಿಕೆಯ ಗುರುತಾಗಿರದೆ ಗೌರವದ ಗುರುತಾಗಿತ್ತು. ವಚನ ರಚಿಸಿದ 30ಕ್ಕೂ ಹೆಚ್ಚು ಮಹಿಳೆಯರಲ್ಲಿ ಹಲವರು ದುಡಿಯುವ ಹೆಂಗಸರು. ಬಹುತೇಕ ಶರಣರು ವಂಶದಿಂದ ಬಂದ ಕಸುಬನ್ನೇ ಮುಂದುವರಿಸಿದರೂ ಆ ಕಸುಬಿಗೆ ಅಂಟಿದ ಮೇಲು ಕೀಳೆಂಬ ಲೆಕ್ಕ ಇಲ್ಲಿ ನಡೆಯಲಿಲ್ಲ. ಭಂಡಾರಿಯ ಲೆಕ್ಕಪತ್ರವೂ ಮಡಿವಾಳನ ಬಟ್ಟೆಯ ಗಂಟೂ ಒಂದೇ ತೂಕದವಾದವು.

ಎಲ್ಲ ಕೆಲಸವೂ ಕಾಯಕವಾಗುತ್ತಿರಲಿಲ್ಲ. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳಿದ್ದವು. ಕೆಲಸ ಸತ್ಯಶುದ್ಧವಾಗಿರಬೇಕು, ಪರರಿಗೆ ಕೇಡು ಮಾಡಬಾರದು. ಬೇಡಿ ತಿನ್ನಬಾರದು. ಬಂದದ್ದರಲ್ಲಿ ಆ ದಿನಕ್ಕೆ ಬೇಕಾದಷ್ಟನ್ನು ಬಳಸಿ ಉಳಿದದ್ದನ್ನು ದಾಸೋಹಕ್ಕೆ ಸಲ್ಲಿಸಬೇಕು, ನಾಳೆಗೆಂದು ಕೂಡಿಡಬಾರದು. ದಾಸೋಹವಿಲ್ಲದ ಗಳಿಕೆ ಸ್ವಾರ್ಥ, ಕಾಯಕವಿಲ್ಲದ ದಾಸೋಹ ಬರಿಯ ಆಡಂಬರ ಎಂಬುದು ಶರಣರ ನಿಲುವು.

ಈ ನಿಯಮ ಎಷ್ಟು ಬಿಗಿಯಾಗಿತ್ತೆಂಬುದನ್ನು ಆಯ್ದಕ್ಕಿ ದಂಪತಿಗಳ ಪ್ರಸಂಗ ತೋರಿಸುತ್ತದೆ. ಮಾರಯ್ಯ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ; ಹೆಂಡತಿ ಲಕ್ಕಮ್ಮ ಅದನ್ನು ಅಡುಗೆ ಮಾಡಿ ಜಂಗಮರಿಗೆ ಬಡಿಸುತ್ತಿದ್ದಳು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಬಡತನದ ಮನೆಗೆ ಹೆಚ್ಚಿನ ಅಕ್ಕಿ ಬಂತೆಂದು ಲಕ್ಕಮ್ಮ ಹಿಗ್ಗಲಿಲ್ಲ. ಈ ಆಸೆ ನಮಗೇಕೆಂದು ಗಂಡನನ್ನು ಪ್ರಶ್ನಿಸಿ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳಿಸಿದಳು. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು, ಕಾಯಕವೇ ಕೈಲಾಸವೆಂದು ಸಾರುವ ಪ್ರಸಿದ್ಧ ವಚನ ಇದೇ ಮಾರಯ್ಯನದು. ಜನರ ಬಾಯಲ್ಲಿ ಆ ಮಾತು ಬಸವಣ್ಣನ ಹೆಸರಿನಲ್ಲಿ ಬಳಕೆಯಾಗುತ್ತಿದೆ.

ನುಲಿಯ ಚಂದಯ್ಯನ ಪ್ರಸಂಗ ಇದೇ ವಿಚಾರವನ್ನು ಇನ್ನೂ ದೂರ ಒಯ್ಯುತ್ತದೆ. ಅವನ ಕಾಯಕ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರುವುದು. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿತ್ತು. ಚಂದಯ್ಯ ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಅವನ ಬೆನ್ನು ಹತ್ತಿತು. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು ಸಮಾಧಾನ ಹೇಳಬೇಕಾಯಿತು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದಿಂದ ಹೊರತಲ್ಲ ಎಂಬುದು ಚಂದಯ್ಯನ ಪಟ್ಟು. ಪೂಜೆಗೊಳ್ಳುವ ದೇವರಿಗೂ ದುಡಿಮೆಯನ್ನು ವಿಧಿಸಿದ ಈ ಧೈರ್ಯ ಭಕ್ತಿಯ ಚರಿತ್ರೆಯಲ್ಲಿ ಅಪರೂಪದ್ದು.

ಕಸುಬುಗಳು ಸಮಾನವಾದರೆ ಕಸುಬಿನವರ ನಡುವೆ ನೆಂಟಸ್ತನವೂ ಆಗಬೇಕಲ್ಲವೆ? ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಚಮ್ಮಾರ ಮೂಲದ ಹರಳಯ್ಯನ ಮಗನಿಗೂ ಮದುವೆ ನಡೆದದ್ದೇ ಕಲ್ಯಾಣದ ಕ್ಷೋಭೆಗೆ ಕಾರಣವಾಯಿತೆಂದು ಪರಂಪರೆ ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿದರು. ಚೆನ್ನಬಸವಣ್ಣನ ಜೊತೆಗಿದ್ದವರು ಉತ್ತರ ಕನ್ನಡದ ಉಳವಿಯತ್ತ ಹೋದರು. ಹೋದವರು ವಚನಗಳ ತಾಳೆಗರಿಯ ಕಟ್ಟುಗಳನ್ನು ಉಳಿಸಿಕೊಂಡರು. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಚನಗಳನ್ನು ಸಂಗ್ರಹಿಸುವ ಕೆಲಸ ಬಿರುಸಾಯಿತು. ಲಕ್ಕಮ್ಮ, ಚಂದಯ್ಯರ ಪ್ರಸಂಗಗಳನ್ನು ವಚನಗಳ ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಗಳೂ ಅಲ್ಲಿಂದ ಮುಂದೆ ರೂಪುಗೊಂಡವು.

ಆಧುನಿಕ ಕಾಲದಲ್ಲಿ ಈ ಪರಂಪರೆಯನ್ನು ಬೆಳಕಿಗೆ ತಂದವರು ವಿಜಯಪುರದ ಫ.ಗು. ಹಳಕಟ್ಟಿ. ಮನೆಮನೆ ಮಠಮಠಗಳಿಂದ ತಾಳೆಗರಿ ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನಗಳನ್ನು 15 ಸಂಪುಟಗಳಲ್ಲಿ ಹೊರತಂದಾಗ ಸಣ್ಣ ಕಸುಬಿನ ವಚನಕಾರರ ಮಾತೂ ಎಲ್ಲರ ಕೈಗೆಟುಕಿತು.

ಆಚರಣೆಯಲ್ಲಿ ದಾಸೋಹ ಹೆಚ್ಚು ಉಳಿದಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಜಾತಿಭೇದವಿಲ್ಲದೆ ಊಟ, ವಸತಿ, ವಿದ್ಯೆ ದೊರೆಯುತ್ತಿದೆ. ಕಾಯಕದ ವಿಚಾರ ಸಾರ್ವಜನಿಕ ಬದುಕಿಗೂ ಇಳಿದಿದೆ. ಕೆಂಗಲ್ ಹನುಮಂತಯ್ಯ ಕಟ್ಟಿಸಿದ ವಿಧಾನಸೌಧದ ಮುಂಭಾಗದಲ್ಲಿ ಸರ್ಕಾರದ ಕೆಲಸ ದೇವರ ಕೆಲಸ ಎಂದು ಕೆತ್ತಿದೆ. ಶರಣರ ಅಳತೆಗೋಲಿನಲ್ಲಿ ಆ ಮಾತಿಗೆ ಅರ್ಥ ಬರುವುದು ಕೆಲಸ ಶುದ್ಧವಾಗಿದ್ದಾಗ, ಗಳಿಕೆ ಅಗತ್ಯವನ್ನು ಮೀರದಿದ್ದಾಗ, ಮಿಕ್ಕಿದ್ದು ಇನ್ನೊಬ್ಬರ ಹಸಿವಿಗೆ ಸಂದಾಗ. ಈ ಮೂರು ಷರತ್ತುಗಳನ್ನು ಬಿಟ್ಟು ದುಡಿಮೆಯನ್ನಷ್ಟೇ ಹೊಗಳಿದರೆ ಅದು ಶರಣರು ಹೇಳಿದ ಕಾಯಕವಾಗುವುದಿಲ್ಲ.