ದೊಡ್ಡ ಟರ್ಬೊ ಸೋತದ್ದು, ಚಿಕ್ಕದು ಗೆದ್ದದ್ದು

1979ರ ಜುಲೈ 1ರಂದು ಫ್ರಾನ್ಸಿನ ಡಿಜಾನ್ ನಗರದ ಬಳಿ ನಡೆದ ಫಾರ್ಮುಲಾ ಒನ್ ಪಂದ್ಯವನ್ನು ರೆನೊ ಕಂಪನಿಯ ಹಳದಿ ಕಾರು ಗೆದ್ದಿತು. ಚಾಲಕ ಝಾನ್-ಪಿಯೆರ್ ಜಬೂಯಿ. ಟರ್ಬೊಚಾರ್ಜರ್ ಅಳವಡಿಸಿದ ಕಾರು ಈ ಮಟ್ಟದ ಪಂದ್ಯದಲ್ಲಿ ಗೆದ್ದದ್ದು ಅದೇ ಮೊದಲು. ಎರಡು ವರ್ಷಗಳ ಹಿಂದೆ ಇದೇ ಕಂಪನಿಯ ಕಾರು ಹೊಗೆಯುಗುಳುತ್ತ ನಿಂತಾಗ ಎದುರಾಳಿಗಳು ಅದನ್ನು ‘ಹಳದಿ ಟೀ ಕೆಟಲು’ ಎಂದು ಗೇಲಿ ಮಾಡಿದ್ದರು. ನಗೆಪಾಟಲಿನಿಂದ ಗೆಲುವಿನವರೆಗಿನ ಈ ದಾರಿಯಲ್ಲಿ ಮುಖ್ಯ ತಿರುವು ತಂದದ್ದು ಒಂದು ಆಯ್ಕೆ: ಟರ್ಬೊ ಎಷ್ಟು ದೊಡ್ಡದಿರಬೇಕು?

ಎಂಜಿನ್ ಎಷ್ಟು ಗಾಳಿ ಸೇವಿಸುತ್ತದೋ ಅಷ್ಟು ಇಂಧನ ಉರಿಸಬಲ್ಲದು. ಹೊರಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದೇ ಟರ್ಬೊಚಾರ್ಜರಿನ ಕೆಲಸ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಈ ಬಗೆಯ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವ ಹಡಗಿನ ಡೀಸೆಲ್ ಎಂಜಿನ್ನಿಗೆ ಅದು ಚೆನ್ನಾಗಿ ಒಗ್ಗಿತು. ಕಾರಿನ ಪಾಡು ಬೇರೆ. ಪ್ರತಿ ತಿರುವಿನಲ್ಲಿ ವೇಗ ತಗ್ಗಬೇಕು, ಮರುಕ್ಷಣ ಏರಬೇಕು.

1966ರಿಂದ ಜಾರಿಯಲ್ಲಿದ್ದ ಫಾರ್ಮುಲಾ ಒನ್ ನಿಯಮದಲ್ಲಿ ಎರಡು ದಾರಿಗಳಿದ್ದವು: 3 ಲೀಟರಿನ ಸಾಮಾನ್ಯ ಎಂಜಿನ್, ಇಲ್ಲವೇ ಗಾಳಿಯನ್ನು ಒತ್ತಿ ತುಂಬುವ 1.5 ಲೀಟರಿನ ಎಂಜಿನ್. ಎರಡನೆಯದು ಅರ್ಧದಷ್ಟು ಚಿಕ್ಕದು. ಹನ್ನೊಂದು ವರ್ಷ ಅತ್ತ ಯಾರೂ ಸುಳಿಯಲಿಲ್ಲ. 1977ರಲ್ಲಿ ರೆನೊ ಆ ಪಂಥ ಕಟ್ಟಿತು. ಆರು ಸಿಲಿಂಡರುಗಳ ಎಂಜಿನ್ನಿಗೆ ಒಂದೇ ದೊಡ್ಡ ಟರ್ಬೊ. ಸಿಲ್ವರ್‌ಸ್ಟೋನಿನಲ್ಲಿ ಇಳಿದ ಕಾರು ಮೊದಲ ಪಂದ್ಯದಲ್ಲೇ ಕೆಟ್ಟು ನಿಂತಿತು. ಆ ವರ್ಷ ಒಂದು ಪಂದ್ಯವನ್ನೂ ಅದು ಮುಗಿಸಲಿಲ್ಲ.

ಆದರೆ ಶಕ್ತಿಗೆ ಕೊರತೆಯಿರಲಿಲ್ಲ. 1979ರಲ್ಲಿ ದಕ್ಷಿಣ ಆಫ್ರಿಕಾದ ಎತ್ತರದ ಕ್ಯಾಲಾಮಿಯಲ್ಲಿ, ತೆಳುಗಾಳಿಗೆ ಸಾಮಾನ್ಯ ಎಂಜಿನ್ನುಗಳು ಬಸವಳಿದಾಗ, ಜಬೂಯಿ ಎಲ್ಲರಿಗಿಂತ ಮುಂದಿನ ಸ್ಥಾನದಿಂದ ಪಂದ್ಯ ಆರಂಭಿಸಿದ. ಕೊರತೆಯಿದ್ದದ್ದು ಶಕ್ತಿ ಒದಗುವ ಹೊತ್ತಿನಲ್ಲಿ. ಚಾಲಕ ಆಕ್ಸಿಲರೇಟರ್ ಒತ್ತಿದ ಮೇಲೂ ಭಾರದ ಚಕ್ರ ವೇಗ ಹಿಡಿಯಲು ಸಮಯ ಬೇಕು. ಅಷ್ಟರಲ್ಲಿ ತಿರುವು ಮುಗಿದಿರುತ್ತದೆ. ಆಮೇಲೆ ಶಕ್ತಿ ಒಮ್ಮೆಲೇ ನುಗ್ಗುತ್ತದೆ.

ಇದರ ಹಿಂದೆ ಸರಳ ಲೆಕ್ಕವಿದೆ. ಒಂದೇ ಆಕಾರದ, ಒಂದೇ ಲೋಹದ ಚಕ್ರದ ಎಲ್ಲ ಅಳತೆಗಳೂ ಇಮ್ಮಡಿಯಾದರೆ, ತಿರುಗಲು ಅದು ಒಡ್ಡುವ ಜಡತ್ವ 32 ಪಟ್ಟಾಗುತ್ತದೆ. ಹಾಗೆಂದು ತೀರಾ ಚಿಕ್ಕದನ್ನು ಹಾಕಿದರೆ ಹೆಚ್ಚಿನ ವೇಗದಲ್ಲಿ ಹೊಗೆಗೆ ದಾರಿ ಸಾಲದೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ರೆನೊ ಕಂಡುಕೊಂಡ ಪರಿಹಾರ ಹೊರೆ ಹಂಚುವುದು. 1979ರ ಋತುವಿನ ನಡುವೆ ಒಂದರ ಬದಲು ಎರಡು ಚಿಕ್ಕ ಟರ್ಬೊಗಳು ಬಂದವು, ಮೂರು ಸಿಲಿಂಡರಿಗೆ ಒಂದರಂತೆ. ಕಾರಿನ ಹೊಸ ಮೈಕಟ್ಟೂ ನೆರವಾಯಿತು. ಡಿಜಾನಿನಲ್ಲಿ ಅದರ ಫಲ ಸಿಕ್ಕಿತು. ಇನ್ನೊಂದು ರೆನೊ ಓಡಿಸಿದ ರೆನೆ ಅರ್ನೂ, ಫೆರಾರಿಯ ಝಿಲ್ ವಿಲ್‌ನವ್ ಜೊತೆ ಕೊನೆಯ ಸುತ್ತುಗಳಲ್ಲಿ ಚಕ್ರಕ್ಕೆ ಚಕ್ರ ತಾಗಿಸಿ ಸೆಣಸಿ ಮೂರನೆಯವನಾದ.

ರಸ್ತೆಯ ಕಾರಿನಲ್ಲೂ ಇದೇ ವಿವೇಕ ಕೆಲಸ ಮಾಡಿತು. ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ ಪ್ರದರ್ಶಿಸಿದ 99 ಟರ್ಬೊ ಕಾರಿನ 2 ಲೀಟರ್ ಎಂಜಿನ್ನಿಗೆ ಬೇಗ ವೇಗ ಹಿಡಿಯುವ ಚಿಕ್ಕ ಟರ್ಬೊವನ್ನೇ ಆರಿಸಿತ್ತು. ಒತ್ತಡ ಮಿತಿಮೀರಿದಾಗ ಹೊಗೆಯನ್ನು ಪಕ್ಕಕ್ಕೆ ಬಿಡುವ ಕವಾಟವೂ ಇತ್ತು. 145 ಅಶ್ವಶಕ್ತಿ ಹೆಮ್ಮೆಪಡುವಂಥದ್ದೇ. ಆದರೆ ಲಾರಿಯೊಂದನ್ನು ಹಿಂದಿಕ್ಕುವಾಗ ಚಾಲಕನಿಗೆ ಬೇಕಾದದ್ದು ಕೇಳಿದೊಡನೆ ಸಿಗುವ ಶಕ್ತಿ.

ಇಂದು ಒಂದು ಲೀಟರಿನ ಟರ್ಬೊ ಕಾರುಗಳು ನಮ್ಮ ರಸ್ತೆಗಳಲ್ಲೂ ಸಾಮಾನ್ಯ. ಅವುಗಳಿಗೆ ಇನ್ನೂ ದೊಡ್ಡ ಟರ್ಬೊ ಹಾಕಿಸುವ ಹುಮ್ಮಸ್ಸಿನವರೂ ಇದ್ದಾರೆ. ಗರಿಷ್ಠ ಅಶ್ವಶಕ್ತಿ ಎಷ್ಟೆಂದು ಕೇಳುವ ಮೊದಲು ಅದು ಯಾವ ವೇಗದಲ್ಲಿ ಕೈಗೆ ಸಿಗುತ್ತದೆಂದು ಕೇಳುವುದು ಮೇಲು. ರೆನೊ ಆ ಪಾಠ ಕಲಿಯಲು ಎರಡು ವರ್ಷ ನಗೆಗೀಡಾಗಬೇಕಾಯಿತು.