ಗಾಳ ಹಾಕುವವರ ಪಂಚಾಂಗ

ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ೮ ಗಂಟೆಗೆ ನ್ಯೂಜೆರ್ಸಿಯ ತೊರೆಗಳಲ್ಲಿ ಟ್ರೌಟ್ ಮೀನಿನ ಋತು ಆರಂಭವಾಗುತ್ತದೆ. ಅದಕ್ಕೆ ಮೊದಲೇ ದಂಡೆಯ ಮೇಲೆ ಜನ ಸಾಲುಗಟ್ಟಿರುತ್ತಾರೆ. ತಾತ, ಮಗ, ಮೊಮ್ಮಗ, ಮೂವರ ಕೈಯಲ್ಲೂ ಗಾಳದ ಕೋಲು. ಕೆಲವರ ಜೇಬಿನಲ್ಲಿ ಚಂದ್ರನ ಉದಯಾಸ್ತಗಳನ್ನು ಮುದ್ರಿಸಿದ ಕೋಷ್ಟಕ. ಯಾವ ದಿನ, ಯಾವ ಘಳಿಗೆಯಲ್ಲಿ ಮೀನು ಎರೆ ಕಚ್ಚುತ್ತದೆಂದು ಅದರಲ್ಲಿ ನೋಡಿಕೊಳ್ಳುತ್ತಾರೆ. ಪಂಚಾಂಗ ನೋಡದೆ ಬೊಮ್ಮಸಂದ್ರಕ್ಕೂ ಹೊರಡದ ಹಿರಿಯರ ಮಧ್ಯೆ ಬೆಳೆದ ನಮಗೆ ಇದು ಅಪರಿಚಿತವೇನಲ್ಲ. ಮೀನು ಹಿಡಿಯಲು ಕಾಲ ನೋಡುವ ಈ ಪದ್ಧತಿ ಎಲ್ಲಿಂದ ಬಂತು, ಅದರಲ್ಲಿ ಹುರುಳೆಷ್ಟು, ನಮ್ಮ ನಾಡಿಗೂ ಇದಕ್ಕೂ ಇರುವ ನಂಟೇನು ಎಂಬುದನ್ನು ಇಲ್ಲಿ ನೋಡೋಣ. ನಮ್ಮ ಕೂಟದಲ್ಲಿ ಮೀನು ತಿನ್ನುವವರೂ ಇದ್ದಾರೆ, ವಾಸನೆಗೇ ಮೂಗು ಮುಚ್ಚುವವರೂ ಇದ್ದಾರೆ. ವಿಷಯ ಇಬ್ಬರಿಗೂ ಸಲ್ಲುವಂಥದ್ದು.

ತಿಥಿ ನೋಡಿ ಮೀನಿನ ವಿಷಯದಲ್ಲಿ ಹೊರಟ ಬಹಳ ಹಳೆಯ ಆಜ್ಞೆಗಳಲ್ಲೊಂದು ಅಶೋಕನದು. ಆದರೆ ಅದು ಹಿಡಿಯುವುದಕ್ಕಲ್ಲ, ಹಿಡಿಯದಿರುವುದಕ್ಕೆ. ಪಟ್ಟವೇರಿದ ೨೬ನೆಯ ವರ್ಷದಲ್ಲಿ, ಎಂದರೆ ಕ್ರಿಸ್ತಪೂರ್ವ ೨೪೩ರ ಸುಮಾರಿಗೆ, ಅವನು ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ವರ್ಷದ ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳಂದೂ ತಿಷ್ಯ, ಎಂದರೆ ಪುಷ್ಯದ ಹುಣ್ಣಿಮೆಯಂದೂ ಚತುರ್ದಶಿ, ಪೂರ್ಣಿಮೆ, ಪಾಡ್ಯ ಈ ಮೂರು ದಿನ ಮೀನನ್ನು ಕೊಲ್ಲಕೂಡದು, ಮಾರಲೂಕೂಡದು ಎಂದಿದೆ. ಉಪವಾಸದ ದಿನಗಳಿಗೂ ಇದೇ ನಿಯಮ. ನಮ್ಮ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿರುವುದು ಅಶೋಕನ ಬೇರೆ ಶಾಸನಗಳು. ಈ ಮಾತು ಕೊರೆದಿರುವುದು ಉತ್ತರದ ಕಂಬಗಳ ಮೇಲೆ. ಭಾರತದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೦ರಲ್ಲಿ ಇದನ್ನು ಮೀನುಗಾರಿಕೆಯ ಕಾನೂನೆಂದೇ ಓದಿ ಪ್ರಬಂಧ ಬರೆದರು. ಧರ್ಮದ ಆಜ್ಞೆಯೋ, ಮೀನು ಉಳಿಸುವ ಉಪಾಯವೋ, ಅಂತೂ ಮೀನಿಗೂ ತಿಥಿಗೂ ಗಂಟು ಬಿದ್ದು ೨೨೦೦ ವರ್ಷಗಳ ಮೇಲಾಯಿತು.

ಗಾಳ ಹಾಕಿ ಹಿಡಿಯುವ ವಿನೋದದ ಗ್ರಂಥವಂತೂ ನೇರವಾಗಿ ನಮ್ಮ ನೆಲದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಸುಮಾರು ೩೫ ಬಗೆಯ ಮೀನುಗಳು, ಸಮುದ್ರದವು ಯಾವುವು, ನದಿಯವು ಯಾವುವು, ಹುರುಪೆ ಇರುವವು, ಇಲ್ಲದವು, ಯಾವುದಕ್ಕೆ ಯಾವ ಎರೆ, ಗಾಳದ ಹುರಿ ಹೇಗಿರಬೇಕು, ಎಲ್ಲವೂ ಅಲ್ಲಿದೆ. ಕಾಳಿನ ಹಿಟ್ಟು, ಅನ್ನ ಮುಂತಾದುವನ್ನು ಉಂಡೆ ಮಾಡಿ ಮೀನಿಗೆ ಮೊದಲು ಊಟದ ರೂಢಿ ಹಿಡಿಸುವ ಕ್ರಮವೂ ಇದೆ. ಇಂಗ್ಲಿಷಿನಲ್ಲಿ ಗಾಳದ ಕಲೆಯ ಮೊದಲ ಅಚ್ಚಾದ ಪುಸ್ತಕ ಬಂದದ್ದು ೧೪೯೬ರಲ್ಲಿ, ಐಸಾಕ್ ವಾಲ್ಟನ್ನನ ಹೆಸರಾಂತ ಪುಸ್ತಕ ೧೬೫೩ರಲ್ಲಿ. ನಮ್ಮ ದೊರೆ ಮೂರೂವರೆ ಶತಮಾನ ಮುಂದಿದ್ದ. ಇದನ್ನು ಕೇಳಿ ಮೀಸೆ ತಿರುವುವ ಮುನ್ನ ಒಂದು ಮಾತು: ಅದು ಅರಮನೆಯ ವಿನೋದಕ್ಕೆ ಬರೆದದ್ದು. ಹೊಳೆ ನಂಬಿ ಬದುಕಿದ ಬೆಸ್ತರ ತಿಳಿವಳಿಕೆ ಗ್ರಂಥದಲ್ಲಿರಲಿಲ್ಲ, ಬಾಯಲ್ಲಿತ್ತು. ಕಾವೇರಿಯ ದೊಡ್ಡ ಮೀನಿಗೆ ರಾಗಿ ಹಿಟ್ಟಿನ ಉಂಡೆಯೇ ಎರೆ ಎಂಬುದನ್ನು ದಂಡೆಯ ಜನರು ಯಾವ ದೊರೆಯಿಂದಲೂ ಕಲಿತದ್ದಲ್ಲ.

ನಮ್ಮ ಹಳ್ಳಿಗರಿಗೆ ಮೀನಿನ ಪಂಚಾಂಗವೆಂದರೆ ಮಳೆ ನಕ್ಷತ್ರಗಳು. ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಎಣಿಸುವ ಈ ಮಳೆಗಳ ಹೆಸರು ಚಂದ್ರನ ಮನೆಗಳದಾದರೂ ಲೆಕ್ಕ ಸೂರ್ಯನದು. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆದ್ದರಿಂದ ಮೃಗಶಿರ ಪ್ರತಿವರ್ಷವೂ ಜೂನ್ ೭ ಅಥವಾ ೮ರ ಹೊತ್ತಿಗೇ ಹುಟ್ಟುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಲೆನಾಡಿನ ಹಳ್ಳಗಳು ಕೆಂಪಾಗಿ ಉಕ್ಕಿದಾಗ ಮೀನುಗಳು ಮೊಟ್ಟೆಯಿಡಲು ಎದುರು ನೀರಿಗೆ ಏರಿ ಗದ್ದೆಗಳವರೆಗೂ ಬರುತ್ತವೆ. ಇದೇ ಹತ್ತುಮೀನು. ರಾತ್ರಿ ದೀಪ ಹಿಡಿದು ಅದನ್ನು ಬೇಟೆಯಾಡಲು ಊರೇ ಹೊರಡುವುದುಂಟು. ಮೊಟ್ಟೆ ತುಂಬಿದ ಮೀನು ತಾನಾಗಿ ಕೈಗೆ ಬರುವ ಆ ರಾತ್ರಿಯೇ ಮುಂದಿನ ವರ್ಷದ ಮೀನು ಹುಟ್ಟುವ ರಾತ್ರಿಯೂ ಹೌದು. ಕಾಲಜ್ಞಾನ ಎರಡು ಬಾಯಿಯ ಕತ್ತಿ ಎಂಬುದು ಇಲ್ಲೇ ತಿಳಿಯುತ್ತದೆ.

ಇದನ್ನು ಕಂಡು ಚಿಂತಿಸಿದವರಲ್ಲಿ ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಒಬ್ಬರು. ೧೮೭೦ರಲ್ಲಿ ಜಿಲ್ಲೆಯ ಮೀನುಗಳ ವೃದ್ಧಿಯ ಬಗ್ಗೆ ವರದಿ ಬರೆದರು. ೧೮೭೩ರಲ್ಲಿ ಅವರ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಮೀನಿನ ಚಲನವಲನ ಮಳೆಯನ್ನೂ ಹೊಳೆಯ ಏರಿಳಿತವನ್ನೂ ಹೇಗೆ ಅನುಸರಿಸುತ್ತದೆಂದು ಅವರು ಬರೆದದ್ದು ಗಾಳ ಹಾಕುವವರಿಗೆ ಬಹುಕಾಲ ಕೈಪಿಡಿಯಾಗಿತ್ತು. ಮದ್ದು ಸಿಡಿಸಿ, ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು ನಿಷೇಧಿಸುವ ಕಾನೂನು ಭಾರತದಲ್ಲಿ ಬಂದದ್ದು ೧೮೯೭ರಲ್ಲಿ. ಕಾವೇರಿ ತೀರದವರು ಬಿಳಿಮೀನು ಎನ್ನುವ ಈ ಮಹಶೀರ್ ಎಷ್ಟು ಬೆಳೆಯುತ್ತಿತ್ತೆಂದರೆ ೧೯೪೬ರ ಮಾರ್ಚಿಯಲ್ಲಿ ಮೈಸೂರಿನ ವಾನ್ ಇಂಗೆನ್ ಒಬ್ಬರು ಕಬಿನಿಯಲ್ಲಿ ೧೨೦ ಪೌಂಡಿನದನ್ನು ಹಿಡಿದರು. ಈಗ ಆ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿನಲ್ಲಿದೆ. ೨೦೧೮ರಲ್ಲಿ ಅದು ತೀವ್ರ ಅಪಾಯದ ಪಟ್ಟಿಗೆ ಸೇರಿತು. ಕಾವೇರಿ ವನ್ಯಧಾಮದೊಳಗಿನ ಗಾಳದ ವಿನೋದವೂ ೨೦೧೦ರ ದಶಕದ ಆರಂಭದಲ್ಲಿ ನಿಂತುಹೋಯಿತು.

ಇನ್ನು ನಾವೀಗ ನೆಲೆಸಿರುವ ನೆಲಕ್ಕೆ ಬರೋಣ. ಪಾರ್ಸಿಪನಿ ಎಂಬ ಹೆಸರು ಇಲ್ಲಿಯ ಮೂಲನಿವಾಸಿಗಳಾದ ಲೆನಾಪೆ ಜನರ ಭಾಷೆಯದು. ವಸಂತದಲ್ಲಿ ಶ್ಯಾಡ್ ಎಂಬ ಮೀನು ಸಮುದ್ರದಿಂದ ಡೆಲವೇರ್ ನದಿಗೆ ಏರಿ ಬರುತ್ತದೆ. ನಮ್ಮ ಹತ್ತುಮೀನಿನ ದೊಡ್ಡಣ್ಣನೆನ್ನಿ. ಅದು ಬರುವ ಹೊತ್ತಿಗೆ ಕಾಡಂಚಿನಲ್ಲಿ ಬಿಳಿ ಹೂ ಬಿಡುವ ಗಿಡಕ್ಕೆ ಶ್ಯಾಡ್‌ಬುಶ್ ಎಂದೇ ಹೆಸರು. ಲೆನಾಪೆ ಜನರ ನಡುವೆ ಬಹುಕಾಲ ಕಳೆದ ಮೊರೇವಿಯನ್ ಪಾದ್ರಿ ಜಾನ್ ಹೆಕೆವೆಲ್ಡರ್ ೧೮೧೯ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸಂಗತಿ ಹೇಳಿದ್ದಾರೆ. ಅಟ್ಲಾಂಟಿಕ್ ತೀರದಲ್ಲಿದ್ದಾಗ ಈ ಜನ ಮಾರ್ಚಿ ತಿಂಗಳನ್ನು ಶ್ಯಾಡ್ ತಿಂಗಳು ಎನ್ನುತ್ತಿದ್ದರು. ಬಿಳಿಯರ ಒತ್ತಡಕ್ಕೆ ನೆಲ ಬಿಟ್ಟು ಪಶ್ಚಿಮಕ್ಕೆ ಹೋದ ಮೇಲೆ ಅಲ್ಲಿಯ ಹೊಳೆಗಳಲ್ಲಿ ಶ್ಯಾಡ್ ಇರಲಿಲ್ಲ. ಆ ತಿಂಗಳಲ್ಲಿ ಮೇಪಲ್ ಮರದ ರಸ ಇಳಿಯುತ್ತಿತ್ತು. ತಿಂಗಳಿನ ಹೆಸರನ್ನು ಅವರು ರಸದ ತಿಂಗಳು ಎಂದು ಬದಲಿಸಿಕೊಂಡರು. ಚಂದ್ರ ಅದೇ ಚಂದ್ರ, ಹೆಸರು ಮಾತ್ರ ಹೊಸ ನೆಲದ್ದು. ಊರು ಬಿಟ್ಟು ಬಂದ ನಾವು ಈ ನಾಲ್ಕು ಸಾಲನ್ನು ಎರಡು ಸಲ ಓದಬೇಕು. ಅವರನ್ನು ಓಡಿಸಿದರು, ನಾವು ಇಷ್ಟಪಟ್ಟು ಬಂದವರು. ಆದರೂ ಪ್ರಶ್ನೆ ಒಂದೇ.

ಜೇಬಿನ ಕೋಷ್ಟಕದ ಕಥೆ ಈಚಿನದು. ಜಾನ್ ಆಲ್ಡೆನ್ ನೈಟ್ ಎಂಬವರು ೧೯೨೬ರಲ್ಲಿ ಮೀನುಗಾರರ ಬಾಯಿಮಾತುಗಳನ್ನೆಲ್ಲ ಕಲೆಹಾಕಿ, ಮೀನಿನ ಹಸಿವನ್ನು ಪ್ರಭಾವಿಸಬಹುದಾದ ೩೩ ಸಂಗತಿಗಳ ಪಟ್ಟಿ ಮಾಡಿದರು. ಒಂದೊಂದನ್ನೇ ತಳ್ಳಿಹಾಕುತ್ತ ಕೊನೆಗೆ ಮೂರನ್ನು ಉಳಿಸಿಕೊಂಡರು: ಸೂರ್ಯ, ಚಂದ್ರ, ಸಮುದ್ರದ ಭರತ ಇಳಿತ. ೧೯೩೬ರಲ್ಲಿ ಸೊಲ್ಯೂನಾರ್ ಕೋಷ್ಟಕಗಳನ್ನು ಪ್ರಕಟಿಸಿದರು. ಚಂದ್ರ ನೆತ್ತಿಯ ಮೇಲಿರುವಾಗ, ಕಾಲ ಕೆಳಗಿರುವಾಗ ಎರಡು ದೊಡ್ಡ ವೇಳೆ. ಹುಟ್ಟುವಾಗ, ಮುಳುಗುವಾಗ ಎರಡು ಚಿಕ್ಕ ವೇಳೆ. ಚಂದ್ರ ದಿನಕ್ಕೆ ಸುಮಾರು ೫೦ ನಿಮಿಷ ತಡವಾಗಿ ಬರುವುದರಿಂದ ವೇಳೆಗಳೂ ಜರುಗುತ್ತವೆ. ಒಂದು ಊರಿಗೆ ಮಾಡಿದ ಕೋಷ್ಟಕ ಇನ್ನೊಂದು ಊರಿಗೆ ತಿದ್ದದೆ ನಡೆಯದು. ಗೌರಿ ಗಣೇಶ ಯಾವ ದಿನವೆಂದು ಪ್ರತಿವರ್ಷ ಟೆಲಿಫೋನಿನಲ್ಲಿ ವಾದಿಸುವ ನಮಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ.

ಇದರಲ್ಲಿ ಸತ್ಯವೆಷ್ಟು? ೧೯೫೪ರಲ್ಲಿ ಫ್ರಾಂಕ್ ಬ್ರೌನ್ ಎಂಬ ಜೀವಶಾಸ್ತ್ರಜ್ಞ ನ್ಯೂ ಹೇವನ್ನಿನ ಸಮುದ್ರದಿಂದ ಸಿಂಪಿಗಳನ್ನು ಒಳನಾಡಿನ ಇವಾನ್‌ಸ್ಟನ್ನಿಗೆ ಒಯ್ದು ಕತ್ತಲಲ್ಲಿಟ್ಟರು. ಮೊದಲು ಅವು ತವರಿನ ಭರತದ ವೇಳೆಗೇ ಬಾಯ್ತೆರೆದವು. ಸುಮಾರು ಎರಡು ವಾರದ ನಂತರ, ಸಮುದ್ರವೇ ಇಲ್ಲದ ಇವಾನ್‌ಸ್ಟನ್ನಿನ ಚಂದ್ರನಿಗೆ ಹೊಂದಿಕೊಂಡವು ಎಂದು ವರದಿ ಮಾಡಿದರು. ಸೊಲ್ಯೂನಾರ್ ಪಂಥದವರು ಹಿಗ್ಗಿದರು. ೧೯೫೭ರಲ್ಲಿ ಲಾಮಾಂಟ್ ಕೋಲ್ ಎಂಬ ಇನ್ನೊಬ್ಬ ವಿಜ್ಞಾನಿ ಯದ್ವಾತದ್ವಾ ಅಂಕಿಗಳನ್ನು ಹಿಡಿದು ಅದೇ ಬಗೆಯ ಲೆಕ್ಕ ಮಾಡಿ, ಇಲ್ಲದ ಪ್ರಾಣಿಯಾದ ಯೂನಿಕಾರ್ನಿನಲ್ಲೂ ಅಂಥ ಲಯವಿದೆಯೆಂದು ತೋರಿಸಿ ನಗೆಯಾಡಿದರು. ಪ್ರಯೋಗಶಾಲೆಯಲ್ಲಿ ದಿನ ಕಳೆಯುವ ನಮಗೆ ಕೋಲ್ ಅವರ ಎಚ್ಚರಿಕೆ ಪ್ರಿಯ. ಬೇಕಾದದ್ದನ್ನು ಹುಡುಕುವವನಿಗೆ ಅಂಕಿಗಳು ಎಂದೂ ಇಲ್ಲವೆನ್ನುವುದಿಲ್ಲ. ಹಾಗೆಂದು ಚಂದ್ರನನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಶರತ್ಕಾಲದಲ್ಲಿ ಹಾವುಮೀನುಗಳು ಸಮುದ್ರಕ್ಕೆ ಇಳಿಯುವುದು ಹೆಚ್ಚಾಗಿ ಕಗ್ಗತ್ತಲ ರಾತ್ರಿಗಳಲ್ಲಿ, ಮಳೆಬಂದು ಹೊಳೆ ಏರಿದಾಗ. ಮೇಲು ಡೆಲವೇರಿನಲ್ಲಿ ಕಲ್ಲಿನ ಕಟ್ಟೆ ಕಟ್ಟಿ ಅವನ್ನು ಹಿಡಿಯುವವರು ಅಮಾವಾಸ್ಯೆಯನ್ನೇ ಕಾಯುತ್ತಾರೆ.

ಹವೆಯ ವಿಷಯದಲ್ಲೂ ಅಳೆದು ನೋಡುವುದು ಒಳ್ಳೆಯದು. ಬ್ಯಾರೋಮೀಟರ್ ಇಳಿದರೆ ಮೀನು ಕಚ್ಚುತ್ತದೆ ಎನ್ನುತ್ತಾರೆ. ದೊಡ್ಡ ಬಿರುಗಾಳಿಗೆ ವಾಯುಭಾರ ೨೦ ಮಿಲಿಬಾರ್ ಇಳಿದರೂ ಅದು ೨೦ ಸೆಂಟಿಮೀಟರ್ ನೀರಿಗೆ ಸಮ. ಮೀನು ಗೇಣಷ್ಟು ಮೇಲೆ ಕೆಳಗೆ ಈಜಿದರೆ ಅಷ್ಟು ವ್ಯತ್ಯಾಸ ಆಗಿಹೋಗುತ್ತದೆ. ಮೋಡ, ಗಾಳಿ, ಬೆಳಕು ಇವುಗಳ ಪ್ರಭಾವವೇ ಹೆಚ್ಚಿರಬೇಕು. ಎಲ್ಲಕ್ಕಿಂತ ಮುಖ್ಯ ನೀರಿನ ಉಷ್ಣಮಾನ. ೧೦ ಡಿಗ್ರಿ ಸೆಂಟಿಗ್ರೇಡಿನ ನೀರು ಲೀಟರಿಗೆ ಸುಮಾರು ೧೧ ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ ೩೦ ಡಿಗ್ರಿಯ ನೀರು ಏಳೂವರೆ ಮಾತ್ರ. ತಣ್ಣೀರಿನ ಮೀನಾದ ಟ್ರೌಟಿಗೆ ಏಪ್ರಿಲ್ ಮೇ ಸುಖ, ಜುಲೈ ಕಷ್ಟ.

ಈ ಆಮ್ಲಜನಕವೇ ನಮ್ಮ ಚರಿತ್ರೆಯ ಕೊನೆಯ ಪಾಠ. ಲ್ಯಾಂಬರ್ಟ್‌ವಿಲ್ಲಿನಲ್ಲಿ ಲೂಯಿಸ್ ಮನೆತನದವರು ೧೮೮೮ರಿಂದ ಪ್ರತಿ ವಸಂತದಲ್ಲೂ ಬಲೆ ಎಳೆದು ಶ್ಯಾಡ್ ಹಿಡಿಯುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫಿಲಡೆಲ್ಫಿಯದ ಬಳಿ ಕೊಳಚೆಯಿಂದಾಗಿ ಡೆಲವೇರಿನ ನೀರಿನಲ್ಲಿ ಆಮ್ಲಜನಕವೇ ಉಳಿಯದೆ ಮೀನಿಗೆ ಅಡ್ಡಗೋಡೆ ಕಟ್ಟಿದಂತಾಯಿತು. ಹೂ ಬಿಟ್ಟಿತು, ಹುಣ್ಣಿಮೆ ಬಂತು, ಮೀನು ಮಾತ್ರ ಬರಲಿಲ್ಲ. ೧೯೬೧ರಲ್ಲಿ ನದಿಗೆ ನಾಲ್ಕು ರಾಜ್ಯಗಳ ಮಂಡಲಿ ಏರ್ಪಟ್ಟು, ೧೯೭೨ರ ಶುದ್ಧಜಲ ಕಾನೂನು ಬಂದು ಕೊಳಚೆ ತಗ್ಗಿದ ಮೇಲೆ ಮೀನು ಮರಳಿತು. ನಮ್ಮ ಹಾಪಟ್‌ಕಾಂಗ್ ಸರೋವರದಿಂದ ಹೊರಡುವ ಮಸ್ಕನೆಟ್‌ಕಾಂಗ್ ಹೊಳೆಯಲ್ಲಿ ಹ್ಯೂಸ್‌ವಿಲ್ಲಿನ ಹಳೆಯ ಅಣೆಕಟ್ಟನ್ನು ೨೦೧೬ರಲ್ಲಿ ಕೆಡವಿದರು. ಮರುವರ್ಷವೇ ಶ್ಯಾಡ್ ಅಲ್ಲಿಗೆ ಏರಿ ಬಂತು. ಪಂಚಾಂಗ ಎಷ್ಟು ಸರಿಯಿದ್ದರೂ ನೀರು ಕೆಟ್ಟರೆ ಉಪಯೋಗವಿಲ್ಲ. ಕಾವೇರಿಯನ್ನು ನೆನೆಯುವಾಗಲೂ ಈ ಮಾತು ನೆನಪಿರಲಿ.

ಈ ವಸಂತದಲ್ಲಿ ಮಕ್ಕಳನ್ನು ಕರೆದುಕೊಂಡು ಹೊಳೆಗೆ ಹೋಗುವವರಿಗೆ ಎರಡು ಮಾತು. ೧೬ರಿಂದ ೬೯ ವಯಸ್ಸಿನವರಿಗೆ ರಾಜ್ಯದ ಲೈಸೆನ್ಸ್ ಬೇಕು, ಟ್ರೌಟಿಗೆ ಪ್ರತ್ಯೇಕ ಸ್ಟಾಂಪು ಬೇಕು. ಹಿಡಿದದ್ದನ್ನು ತಿನ್ನುವ ಮೊದಲು ಪಾದರಸದ ಬಗ್ಗೆ ರಾಜ್ಯದವರು ಹೊರಡಿಸುವ ಸೂಚನೆ ಓದಿಕೊಳ್ಳಿ, ಬಸುರಿಯರೂ ಮಕ್ಕಳೂ ಇರುವ ಮನೆಯವರು ತಪ್ಪದೆ.

ಜತೆಗೆ ಒಂದು ಕೋರಿಕೆ. ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಬೇಸಗೆಯಲ್ಲಿ ಇಲ್ಲಿರುವಾಗ ಮಳೆ ನಕ್ಷತ್ರಗಳ ಹೆಸರನ್ನು ಕ್ರಮವಾಗಿ ಮಕ್ಕಳಿಂದ ಬರೆಸಿ. ಪಕ್ಕದಲ್ಲಿ ಆ ಹದಿನಾಲ್ಕು ದಿನ ಈ ಊರಿನಲ್ಲಿ ಏನಾಗುತ್ತದೆಂದು ಮಕ್ಕಳೇ ನೋಡಿ ಬರೆಯಲಿ: ಯಾವ ಹೂ ಬಿಟ್ಟಿತು, ಯಾವ ಹಕ್ಕಿ ಬಂತು, ಯಾವ ಮೀನು ಏರಿತು. ಮೃಗಶಿರದ ಮುಂದೆ ಮುಂಗಾರು ಎಂದು ಇಲ್ಲಿ ಬರೆಯಲಾಗದು, ಬೇರೇನೋ ಬರೆಯಬೇಕಾಗುತ್ತದೆ. ಲೆನಾಪೆ ಜನ ಹೆಸರು ಬದಲಿಸಿದರು. ನಾವು ಹೆಸರನ್ನು ಉಳಿಸಿಕೊಂಡು ಅರ್ಥವನ್ನು ಈ ನೆಲದಿಂದ ತುಂಬಿಕೊಳ್ಳಬಹುದು. ಅಂಥ ಪಟ್ಟಿಗಳು ಬಂದರೆ ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕಲು ಸಂಪಾದಕರು ಎರಡು ಪುಟ ಬಿಡುತ್ತಾರೆಂದು ನಂಬಿದ್ದೇವೆ.