ಅರ್ಧಕ್ಕೆ ನಿಂತ ‘ಸಿದ್ಧಾರ್ಥ’

ಸತ್ಯವನ್ನರಸಿ ಮನೆ ಬಿಟ್ಟವರ ಕತೆ ನಮ್ಮವರಿಗೆ ಹೊಸದೇನಲ್ಲ. ಅಂಥದೊಂದು ಕತೆಯನ್ನು ಜರ್ಮನ್ ಭಾಷೆಯಲ್ಲಿ ಬರೆಯಹೊರಟ ಹರ್ಮನ್ ಹೆಸ್ಸೆ 1920ರಲ್ಲಿ ಅರ್ಧದಲ್ಲೇ ಲೇಖನಿ ಕೆಳಗಿಟ್ಟರು. ಹುಡುಕುವವನನ್ನು ಚಿತ್ರಿಸುವುದು ಅವರಿಗೆ ಸುಲಭವಾಗಿತ್ತು. ಕಂಡುಕೊಂಡವನನ್ನು ಚಿತ್ರಿಸುವ ಬಗೆ ತಿಳಿಯಲಿಲ್ಲ. ಸುಮಾರು ಒಂದೂವರೆ ವರ್ಷ ಹಾಗೆಯೇ ಉಳಿದ ಆ ಬರಹ 1922ರಲ್ಲಿ ‘ಸಿದ್ಧಾರ್ಥ’ ಕಾದಂಬರಿಯಾಗಿ ಹೊರಬಂದಿತು.

ಹೆಸ್ಸೆಯವರಿಗೆ ಭಾರತದ ನಂಟು ಮನೆಯಿಂದಲೇ ಬಂದದ್ದು. ತಾಯಿಯ ತಂದೆ ಹರ್ಮನ್ ಗುಂಡರ್ಟ್ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಇಲ್ಲಿದ್ದವರು. ಅವರ ಮಲಯಾಳಂ-ಇಂಗ್ಲಿಷ್ ನಿಘಂಟು 1872ರಲ್ಲಿ ಪ್ರಕಟವಾದದ್ದು ಮಂಗಳೂರಿನಲ್ಲಿ. 1894ರಲ್ಲಿ ಕಿಟೆಲ್ಲರ ಕನ್ನಡ ನಿಘಂಟನ್ನು ಹೊರತಂದದ್ದೂ ಅದೇ ಮಿಷನ್. ಹೆಸ್ಸೆಯವರ ತಾಯಿ ಹುಟ್ಟಿದ್ದು ತಲಚೇರಿಯಲ್ಲಿ. ತಂದೆಯೂ ಕೆಲಕಾಲ ಭಾರತದಲ್ಲಿ ಮಿಷನರಿಯಾಗಿದ್ದರು.

ಮಗನೂ ಪಾದ್ರಿಯಾಗಲೆಂಬುದು ಮನೆಯವರ ಬಯಕೆ. ಆದರೆ 1892ರಲ್ಲಿ, 14ನೆಯ ವಯಸ್ಸಿನಲ್ಲಿ, ಹೆಸ್ಸೆ ಮೌಲ್‌ಬ್ರಾನ್‌ನ ಧಾರ್ಮಿಕ ಶಾಲೆಯಿಂದ ಓಡಿಹೋದರು. 1911ರಲ್ಲಿ ಪೂರ್ವದೇಶಗಳತ್ತ ಹಡಗು ಹತ್ತಿ ಸಿಂಹಳ, ಸಿಂಗಪುರ, ಸುಮಾತ್ರಾಗಳನ್ನು ಕಂಡರು. ತಾಯಿ ಹುಟ್ಟಿದ ಮಲಬಾರಿನ ನೆಲ ಮೆಟ್ಟದೆಯೇ ಹಿಂದಿರುಗಿದರು.

ಮೊದಲ ಮಹಾಯುದ್ಧದ ವೇಳೆ ದ್ವೇಷದ ಬರಹಗಳನ್ನು ಖಂಡಿಸಿದ್ದಕ್ಕೆ ಜರ್ಮನ್ ಪತ್ರಿಕೆಗಳು ಅವರನ್ನು ದೇಶದ್ರೋಹಿಯೆಂದು ಜರೆದವು. 1916ರಲ್ಲಿ ತಂದೆ ತೀರಿಕೊಂಡರು. ಪತ್ನಿ ಮಾನಸಿಕವಾಗಿ ಅಸ್ವಸ್ಥರಾದರು. 1919ರಲ್ಲಿ ಹೆಸ್ಸೆ ಮೂವರು ಗಂಡುಮಕ್ಕಳನ್ನು ಬೇರೆಯವರ ಆಶ್ರಯದಲ್ಲಿ ಬಿಟ್ಟು, ಸ್ವಿಟ್ಜರ್ಲೆಂಡಿನ ಮೊಂಟಾನ್ಯೋಲಾ ಹಳ್ಳಿಯಲ್ಲಿ ಒಂಟಿಯಾಗಿ ನೆಲೆಸಿದರು. ಕಾದಂಬರಿ ಆರಂಭವಾದದ್ದು ಅಲ್ಲಿಯೇ. ಬರವಣಿಗೆ ನಿಂತಿದ್ದ ದಿನಗಳಲ್ಲಿ, 1921ರಲ್ಲಿ, ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರ ನೆರವು ಪಡೆದರು.

ಕಾದಂಬರಿಯ ಸಿದ್ಧಾರ್ಥ ಬುದ್ಧನ ಕಾಲದ ಒಬ್ಬ ಬ್ರಾಹ್ಮಣ ಯುವಕ. ತಂದೆಯ ಮನೆ ಬಿಟ್ಟು ಶ್ರಮಣರೊಡನೆ ಅಲೆಯುತ್ತಾನೆ. ಗೆಳೆಯ ಗೋವಿಂದ ಬುದ್ಧನ ಶಿಷ್ಯನಾದರೆ ಈತ ಬುದ್ಧನನ್ನು ಗೌರವಿಸಿಯೂ ತನ್ನದೇ ದಾರಿ ಹಿಡಿಯುತ್ತಾನೆ. ಜ್ಞಾನೋದಯವನ್ನು ಬೋಧನೆಯಿಂದ ಪಡೆಯಲಾಗದೆಂಬುದು ಅವನ ನಂಬಿಕೆ. ಬಳಿಕ ಗಣಿಕೆ ಕಮಲೆಯ ಸಂಗ, ವ್ಯಾಪಾರ, ಜೂಜು, ಕೊನೆಗೆ ಜುಗುಪ್ಸೆ. ಎಲ್ಲ ತೊರೆದು ಅಂಬಿಗ ವಾಸುದೇವನೊಡನೆ ನದೀತೀರದಲ್ಲಿ ಉಳಿಯುತ್ತಾನೆ.

ಕತೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಸಿದ್ಧಾರ್ಥನ ಮಗ ಅವನನ್ನು ಧಿಕ್ಕರಿಸಿ ಓಡಿಹೋಗುತ್ತಾನೆ. ಆ ಸಂಕಟದಲ್ಲಿ ನದಿಗೆ ಬಾಗಿ ನೋಡಿದಾಗ ತನ್ನ ಪ್ರತಿಬಿಂಬದಲ್ಲಿ ಅವನಿಗೆ ಕಾಣುವುದು ತಾನು ತೊರೆದುಬಂದ ತಂದೆಯ ಮುಖ. ವೇದ, ತಪಸ್ಸು, ಭೋಗಗಳು ಕೊಡದ ಅರಿವಿಗೆ ಈ ನೋವು ದಾರಿಯಾಗುತ್ತದೆ. ಓಡಿಹೋದ ಮಗನೂ ಮಕ್ಕಳಿಂದ ದೂರವಾದ ತಂದೆಯೂ ಆಗಿದ್ದ ಲೇಖಕರು ಈ ಪುಟಗಳನ್ನು ಕೇವಲ ಓದಿನಿಂದ ಬರೆದಿರಲಾರರು.

ಹೆಸ್ಸೆಯವರಿಗೆ 1946ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 1951ರಲ್ಲಿ ಕಾದಂಬರಿ ಇಂಗ್ಲಿಷಿಗೆ ಹೋಯಿತು. 1972ರಲ್ಲಿ ಶಶಿ ಕಪೂರ್ ನಾಯಕನಾಗಿ ತೆರೆ ಕಂಡಿತು. ಈ ನಡುವೆ, 1960ರ ದಶಕದಲ್ಲಿ, ಅಮೆರಿಕದ ತರುಣರು ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಗುರುವನ್ನು ಬಿಟ್ಟು ನಡೆದವನ ಕತೆಯನ್ನೇ ಅನೇಕರು ಗುರುವಾಗಿ ಹಿಡಿದರು!